ಎಲ್ಲರೂ ಹೂಂ ಅಂದರು

ಕಂಪ್ಲಿ
18 ನವೆಂಬರ್ 2024

ಗಂಗಾಂಬಿಕಾ,

ನಿನ್ನ ಪತ್ರ ಓದಿದೆ. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದೆ. ಅಕ್ಷರ ನಿನ್ನವೇ. ಮಾತು ಯಾರವು ಎಂದು ತಿಳಿಯಲಿಲ್ಲ.

ಗಣಿ, ಕಾರ್ಖಾನೆಗಳ ನರ್ಸ್‌ಗಳ ಸಮ್ಮೇಳನಕ್ಕೆ ಹೊಸಪೇಟೆಯ ನಮ್ಮ ಕಲ್ಯಾಣ ಮಂಟಪ ಬೇಕು ಅಂದಿದ್ದೀ. ಸಂತೋಷ. ಧನುರ್ಮಾಸದಲ್ಲಿ ಮದುವೆಗಳಿಲ್ಲ, ಮಂಟಪ ಖಾಲಿ. ಸಂಡೂರಿನ ಗಣಿ ಆಸ್ಪತ್ರೆಯಲ್ಲಿ ಇಷ್ಟು ವರ್ಷ ದುಡಿದ ಮಗಳು ದೊಡ್ಡದೊಂದು ಸಭೆ ನಡೆಸುವ ಮಟ್ಟಕ್ಕೆ ಬಂದಳು ಎಂದು ನಿಮ್ಮಪ್ಪನ ಫೋಟೋದ ಮುಂದೆ ನಿಂತು ಹೇಳಿದ್ದೂ ಆಯಿತು. ಆಮೇಲೆ ಎರಡನೆಯ ಹಾಳೆ ತಿರುವಿದೆ.

ನೀರಿನ ಬಾಟಲಿ ಬೇಡವಂತೆ. ಫ್ಲೆಕ್ಸ್ ಬೇಡವಂತೆ. ವೇದಿಕೆಗೆ ಹೂವು ಬೇಡ, ಬಂದವರಿಗೆ ಶಾಲು ಬೇಡ, ಹಾರ ಬೇಡ, ಹಣ್ಣಿನ ಬುಟ್ಟಿ ಬೇಡ. ರೊಟ್ಟಿ, ಎರಡು ಪಲ್ಯ, ಅನ್ನ, ಸಾರು, ಒಂದು ಸಿಹಿ ಸಾಕಂತೆ. ಇದು ಸಮ್ಮೇಳನವೋ ಸೂತಕದ ಮನೆಯೋ? ಇದರ ಮೇಲೆ, ಯಾರು ಎಷ್ಟು ರೊಟ್ಟಿ ತಿನ್ನುತ್ತಾರೆ, ಅನ್ನ ಉಣ್ಣುತ್ತಾರೋ ಇಲ್ಲವೋ ಎಂದು ಬರುವ ಮೊದಲೇ ಕೇಳಿ ಬರೆದುಕೊಳ್ಳುತ್ತೀಯಂತೆ. ಅತಿಥಿಯನ್ನು ಎಷ್ಟು ತಿನ್ನುತ್ತೀ ಎಂದು ಕೇಳುವವರು ನಮ್ಮ ಮನೆತನದಲ್ಲಿ ಇದುವರೆಗೆ ಹುಟ್ಟಿರಲಿಲ್ಲ. ಈಗ ಹುಟ್ಟಿದ್ದಾರೆ, ನಾನೇ ಹೆತ್ತಿದ್ದೇನೆ.

ಪೋಲು ಮಾಡಬಾರದು ಎಂಬ ಪಾಠವನ್ನು ಬೇರೆಯವರಿಗೆ ಹೇಳು. ನಿಮ್ಮ ಅಜ್ಜ ಊಟವಾದ ಮೇಲೆ ಕಂಚಿನ ಗಂಗಾಳ ತೊಳೆದ ನೀರನ್ನೂ ಪ್ರಸಾದವೆಂದು ಕುಡಿಯುತ್ತಿದ್ದವರು. ಮಂಟಪ ಕಟ್ಟಿಸಿದ ವರ್ಷವೇ ನಿಮ್ಮ ಅಣ್ಣ ಜಂಬುನಾಥನಿಗೂ ಅಡುಗೆಯ ಸುಂಕಪ್ಪನಿಗೂ ಹೇಳಿಟ್ಟಿದ್ದೇನೆ. ಉಳಿದದ್ದೆಲ್ಲ ಬಿಸಿ ಆರುವುದರೊಳಗೆ ಹಾಸ್ಟೆಲ್ ಹುಡುಗರಿಗೆ ಹೋಗಬೇಕು. ಹೋಗುತ್ತದೆ. ಪ್ರತಿ ಮದುವೆಯಲ್ಲೂ ಕೇಳುತ್ತೇನೆ, ಪ್ರತಿ ಸಲವೂ ಹೂಂ ಅನ್ನುತ್ತಾರೆ. 'ಇಲ್ಲಿ ಅನ್ನ ಚೆಲ್ಲುವುದಿಲ್ಲ' ಎಂದು ಊಟದ ಕೋಣೆಯ ಗೋಡೆಗೆ ನಾನು ಬರೆಸಿದ್ದನ್ನು ನೀನೂ ಓದಿದ್ದೀ.

ಇನ್ನು ಆ ಪರದೆ. ವೇದಿಕೆಯಲ್ಲಿ ಆಡಿದ ಮಾತೆಲ್ಲ ಆಗಿಂದಾಗಲೇ ಅಕ್ಷರವಾಗಿ ದೊಡ್ಡ ಪರದೆಯ ಮೇಲೆ ಬರಬೇಕಂತೆ. ಸಿನಿಮಾ ನೋಡಲು ಬರುತ್ತಾರೋ, ಮಾತು ಕೇಳಲು ಬರುತ್ತಾರೋ?

ನೀನು ಫೋನು ಮಾಡಿದ್ದೆಯಂತೆ. ನಿಮ್ಮ ಅತ್ತಿಗೆ ತಂದು ಹಿಡಿದಳು, ನಾನು ಮುಟ್ಟಲಿಲ್ಲ. ಫೋನು ಮಾಡಬೇಡ. ಗಾಳಿಯಲ್ಲಿ ಮಾತಾಡುವುದು ನನಗೆ ಹಿಡಿಸುವುದಿಲ್ಲ. ಹೇಳುವುದಿದ್ದರೆ ಬರೆ.

ಬೆರಗಾಗಿ ಕೂತಿರುವ ನಿನ್ನ ತಾಯಿ,
ಚೆನ್ನಬಸಮ್ಮ


ಸಂಡೂರು
27 ನವೆಂಬರ್ 2024

ಅವ್ವಾ,

ಬೈದರೂ ಮಂಟಪ ಇಲ್ಲ ಅನ್ನಲಿಲ್ಲವಲ್ಲ, ಅಷ್ಟು ಸಾಕು.

ಹೋದ ವರ್ಷ ನಮ್ಮ ಸಮ್ಮೇಳನ ಹಂಪಿಯ ಹತ್ತಿರದ ಒಂದು ರೆಸಾರ್ಟಿನಲ್ಲಿ ನಡೆಯಿತು. ಬಸ್ಸು ಹೋಗದ ಜಾಗ. ಒಬ್ಬೊಬ್ಬರಿಗೂ ಒಂದೊಂದು ಕಾರು. ಕೊಟ್ಟ ಚೀಲ, ಬಾಟಲಿ, ಬ್ಯಾಡ್ಜು ಎಲ್ಲ ಕೊನೆಯ ದಿನ ಗೇಟಿನ ಪಕ್ಕ ಗುಡ್ಡೆ ಬಿದ್ದಿತ್ತು. ನಾವು ಗಣಿ ಧೂಳಿನಿಂದ ಜನರ ಎದೆ ಕೆಡುತ್ತದೆ ಎಂದು ಭಾಷಣ ಮಾಡಿ ಬಂದವರು, ಆ ಗುಡ್ಡೆಯ ಮುಂದೆಯೇ ಸಾಲಾಗಿ ನಿಂತು ಗುಂಪಿನ ಫೋಟೋ ತೆಗೆಸಿಕೊಂಡೆವು. ಇನ್ನೂ ಆ ಫೋಟೋ ನನ್ನ ಬಳಿ ಇದೆ, ಯಾರಿಗೂ ತೋರಿಸಿಲ್ಲ.

ಅಲ್ಲಿಗೆ ಒಬ್ಬ ನರ್ಸ್ ಗಾಲಿಕುರ್ಚಿಯಲ್ಲಿ ಬಂದಿದ್ದಳು. ಊಟದ ಜಾಗ ಮೆಟ್ಟಿಲ ಮೇಲೆ. ನಾಲ್ಕು ಜನ ಗಂಡಸರು ಕುರ್ಚಿ ಸಮೇತ ಎತ್ತಿಕೊಂಡು ಹೋಗುತ್ತೇವೆ ಅಂದರು. ಅವಳು, "ನಾನೇನು ದೇವರೇನ್ರಿ, ಹೆಣ ಏನ್ರಿ, ಹೊತ್ಕೊಂಡ್ ಹೋಗಾಕ?" ಅಂದಳು. ಎರಡು ದಿನವೂ ಕಾರು ನಿಲ್ಲಿಸುವ ಜಾಗದಲ್ಲಿ ಕೂತು ಉಂಡಳು.

ಇನ್ನೊಬ್ಬಳು ತುಳಸಿ. ಸಕ್ಕರೆ ಕಾರ್ಖಾನೆಯ ನರ್ಸ್. ಅವಳಿಗೆ ಕಿವಿ ಕೇಳಿಸುವುದಿಲ್ಲ. ಎರಡು ದಿನ ಮುಂದಿನ ಸಾಲಿನಲ್ಲಿ ಕೂತು ಎಲ್ಲದಕ್ಕೂ ತಲೆಯಾಡಿಸಿದಳು. ಹೊರಡುವಾಗ, ಯಾವ ಭಾಷಣ ಹಿಡಿಸಿತು ಎಂದು ಬರೆದು ಕೇಳಿದೆ. "ಊಟ ಚಲೋ ಇತ್ತು" ಅಂದಳು.

ಅದಕ್ಕೇ ಈ ಸಲ ನಮ್ಮ ಮಂಟಪ. ಬಸ್ ನಿಲ್ದಾಣದಿಂದ, ರೈಲಿನಿಂದ ನಡೆದು ಬರಬಹುದು, ಎಲ್ಲ ಒಂದೇ ಅಂತಸ್ತು. ಬರಲಾಗದವರು ಊರಿನಲ್ಲೇ ಕಂಪ್ಯೂಟರಿನ ಮುಂದೆ ಕೂತು ನೋಡುತ್ತಾರೆ. ಮಾತನ್ನು ಪರದೆಗೆ ತರಲು ಕಾವ್ಯ ಎಂಬ ಹುಡುಗಿ ಬರುತ್ತಾಳೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೈಕಿನಿಂದ ಬಂದದ್ದನ್ನೆಲ್ಲ ಟೈಪ್ ಮಾಡುತ್ತಾಳೆ. ತುಂಬ ವೇಗ. ಮುಂಬಾಗಿಲಿನ ಮೆಟ್ಟಿಲಿಗೆ ಒಂದು ಇಳಿಜಾರು ಮಾತ್ರ ಆಗಬೇಕು. ಬೇಡವೆಂದರೆ ಅಡುಗೆಮನೆಯ ಕಡೆಯ ಹಿಂಬಾಗಿಲು ಇದ್ದೇ ಇದೆ.

ದೀಪಾವಳಿಗೆ ಬಂದಾಗ ಒಂದು ಮಾತು ಕೇಳಬೇಕೆಂದಿದ್ದೆ. ಹಿತ್ತಲಲ್ಲಿ ನಿನ್ನ ಬೆನ್ನ ಹಿಂದೆ ನಿಂತು ಕರೆದೆ. ನೀನು ತಿರುಗಲಿಲ್ಲ. ಪಕ್ಕದ ನಮ್ಮ ಅಕ್ಕಿ ಮಿಲ್ಲಿನ ಸದ್ದಿತ್ತು ಅಂದುಕೊಂಡೆ. ಆಮೇಲೆ ನೆನಪಾಯಿತು, ಹಬ್ಬಕ್ಕೆ ಮಿಲ್ಲು ನಿಂತಿತ್ತು.

ನಿನ್ನ ಮಗಳು,
ಗಂಗಾ


ಕಂಪ್ಲಿ
9 ಡಿಸೆಂಬರ್ 2024

ಗಂಗಾ,

ಹಿಂಬಾಗಿಲಂತೆ! ನನ್ನ ಮಂಟಪಕ್ಕೆ ಬಂದ ಅತಿಥಿ ಪಾತ್ರೆ ತಿಕ್ಕುವ ಕಟ್ಟೆ ದಾಟಿ ಒಳಗೆ ಬರಬೇಕೆ? ಹಾಗೆ ಬರೆಯಲು ನಿನಗೆ ಕೈ ಹೇಗೆ ಬಂತು?

ಗೌಂಡಿಯನ್ನು ಕರೆಸಿ ಮುಂಬಾಗಿಲಿಗೇ ಕಟ್ಟಿಸಿದೆ. ಅವನು ತಲೆ ಕೆರೆದುಕೊಂಡು, "ಅಮ್ಮಾರ, ಇಳಿಜಾರು ಆಗ್ತೈತಿ, ಆದ್ರ ಹೊಸ್ತಿಲಾ ಅಡ್ಡ ಬರ್ತೈತ್ರಿ. ಹೊಸ್ತಿಲಾ ಮುಟ್ಟಾಕ ನಾ ಒಲ್ಲೆ" ಅಂದ. ನಾನು ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಆ ಕಲ್ಲನ್ನೇ ನೆಲದ ಮಟ್ಟಕ್ಕೆ ಇಳಿಸು ಎಂದೆ. ಹೊಸ್ತಿಲು ಹೊಸ್ತಿಲಾಗಿಯೇ ಇದೆ, ಈಗ ಯಾರಿಗೂ ಅಡ್ಡವಿಲ್ಲ. ಆ ಹುಡುಗಿ ದೇವರ ಹಾಗೂ ಬೇಡ, ಹೆಣದ ಹಾಗೂ ಬೇಡ, ಮನುಷ್ಯರ ಹಾಗೆ ಬರಲಿ.

ಬಾಟಲಿ ಬೇಡ ಅಂದೆಯಲ್ಲ, ನನ್ನ ಮದುವೆಯ ತಾಮ್ರದ ಹಂಡೆಗಳನ್ನು ಅಟ್ಟದಿಂದ ಇಳಿಸಿ ಹುಣಿಸೆಹಣ್ಣು ಹಾಕಿ ತಿಕ್ಕಿಸಿದ್ದೇನೆ. ಸ್ಟೀಲಿನ ಲೋಟಗಳಿವೆ. ನಿಮ್ಮ ಅಣ್ಣ, "ಅವ್ವ, ಬಾಟ್ಲಿ ಇಡದಿದ್ರ ಜನ ನಗ್ತಾರ" ಎಂದ. ನಗಲಿ. ಹಂಡೆ ನೋಡಿದ ಮೇಲೆ ನಗು ನಿಲ್ಲುತ್ತದೆ.

ಆದರೆ ಮನೆಯಲ್ಲೇ ಕೂತು ಸಮ್ಮೇಳನಕ್ಕೆ ಬಂದೆ ಅನ್ನುವವರ ವಿಷಯ ನನಗೆ ಅರಗಲಿಲ್ಲ. ಅವರಿಗೆ ಊಟ ಹೇಗೆ ಬಡಿಸುವುದು? ಸಿಹಿಯನ್ನಾದರೂ ಪೋಸ್ಟಿನಲ್ಲಿ ಕಳಿಸುತ್ತೇನೆ. ವಿಳಾಸ ಕೊಡು.

ದೀಪಾವಳಿಯ ದಿನ ನಾನು ಯೋಚನೆಯಲ್ಲಿದ್ದೆ. ಯೋಚನೆ ಮಾಡುವವರು ಕರೆದ ಕೂಡಲೇ ತಿರುಗುವುದಿಲ್ಲ. ಅದನ್ನು ಮತ್ತೆ ಬರೆಯಬೇಡ.

ನಿನ್ನ ತಾಯಿ,
ಚೆನ್ನಬಸಮ್ಮ


ಸಂಡೂರು
28 ಡಿಸೆಂಬರ್ 2024

ಅವ್ವಾ,

ಜನವರಿ ಆರು, ಸೋಮವಾರ. ನಿನ್ನ ಒಪ್ಪತ್ತಿನ ದಿನ ಎಂದು ಗೊತ್ತು. ಆದರೂ ಬಾ. ಮುಂದಿನ ಸಾಲಿನಲ್ಲಿ, ಪರದೆ ನೇರಕ್ಕೆ ಕಾಣುವ ಹಾಗೆ, ನಿನ್ನ ಕುರ್ಚಿ ಇರುತ್ತದೆ. ಪಕ್ಕದಲ್ಲಿ ತುಳಸಿ ಇರುತ್ತಾಳೆ.

ಒಂದು ನಿಯಮ ಮಾಡಿದ್ದೇವೆ, ಮನೆಯವರಿಗೂ ಹೇಳಿಬಿಡು. ಏನೇ ಹೇಳುವುದಿದ್ದರೂ ಮೈಕಿನಲ್ಲೇ ಹೇಳಬೇಕು. ಊಟಕ್ಕೆ ಏಳಿ ಎನ್ನುವುದೂ ಮೈಕಿನಲ್ಲೇ. ಕೆಲವರಿಗೆ ಮಾತ್ರ ತಿಳಿಯುವ ಮಾತು ಅಂದು ಅಲ್ಲಿ ಇರಬಾರದು.

ಹೋಳಿಗೆ ಒಂದೇ ಸಿಹಿ. ನೆನಪಿರಲಿ.

ಗಂಗಾ


ಕಂಪ್ಲಿ
8 ಜನವರಿ 2025

ಗಂಗಾಂಬಿಕಾ,

ನೀನು ಬೇಕೆಂದೇ ಮಾಡಿದೆಯಾ? ಮೊದಲು ಅದನ್ನು ಹೇಳು.

ಊಟದ ಹೊತ್ತಿಗೆ ನೀನು ಬಡಿಸುವ ಕಡೆ ಇದ್ದೆ. ಏನಾಯಿತೆಂದು ನಿನಗೆ ಯಾರೋ ಅರ್ಧ ಹೇಳಿರುತ್ತಾರೆ. ಪೂರ್ತಿ ನೋಡಿದವಳು ನಾನು. ನಾನೇ ಬರೆಯುತ್ತೇನೆ.

ಮುಂಜಾನೆಯ ಭಾಷಣಗಳು ಚೆನ್ನಾಗಿದ್ದವು. ಆಮೇಲೆ ನಿಮ್ಮ ಅಣ್ಣನನ್ನು ಮಂಟಪದ ಯಜಮಾನನೆಂದು ವೇದಿಕೆಗೆ ಕರೆದರು. ಅಂಗಿಯ ಅಂಚಿಗೆ ಆ ಸಣ್ಣ ಮೈಕು ಸಿಕ್ಕಿಸಿದರು. ಮದುವೆಗಳಲ್ಲಿ ಕೈಯಲ್ಲಿ ಹಿಡಿಯುವ ಮೈಕು ಮಾತ್ರ ಕಂಡವನು ಅವನು. "ಎಲ್ಲಾರೂ ಊಟಕ್ಕ ಬರ್ರಿ, ಸಾವಕಾಶ ಉಣ್ರಿ" ಎಂದು ಕೈಮುಗಿದು, ಮೈಕನ್ನು ಅಂಗಿಯಲ್ಲೇ ಇಟ್ಟುಕೊಂಡು ವೇದಿಕೆಯ ಹಿಂದಿನ ಅಡುಗೆಮನೆಗೆ ಇಳಿದುಹೋದ. ಸೌಂಡಿನವನು ಸ್ಪೀಕರ್ ಆರಿಸಿ ಊಟಕ್ಕೆ ಎದ್ದ. ವಧುವಿನ ಕೋಣೆಯಲ್ಲಿ ಕೂತಿದ್ದ ಆ ಹುಡುಗಿ ಕಾವ್ಯಳಿಗೆ ಇದೆಲ್ಲ ಹೇಗೆ ಕಾಣಬೇಕು? ಅವಳ ಕಿವಿಗೆ ಮಾತು ಬರುತ್ತಲೇ ಇತ್ತು, ಅವಳು ಬಡಿಯುತ್ತಲೇ ಇದ್ದಳು.

ನನ್ನದು ಒಪ್ಪತ್ತು, ನಾನು ಏಳಲಿಲ್ಲ. ಸಭೆ ಖಾಲಿಯಾಯಿತು. ಪಕ್ಕದಲ್ಲಿ ತುಳಸಿ ಚೀಲ ಜೋಡಿಸಿಕೊಳ್ಳುತ್ತಿದ್ದಳು. ಪರದೆಯ ಮೇಲೆ ಅಕ್ಷರಗಳು ಮೂಡತೊಡಗಿದವು. ಒಂದೂ ಮರೆತಿಲ್ಲ.

"ಯಜಮಾನ್ರ, ಉಳಿದಿದ್ದು ಎಲ್ಲಿ ಹಾಕ್ಲಿ?"

"ಎಂದಿನಂಗ ಹಿಂದಿನ ಕಾಲುವಿಗೆ ಹಾಕು. ಈಗ ಬ್ಯಾಡಲೇ ಸುಂಕಪ್ಪ, ಗಂಗಾ ಅದಾಳ. ಎಲ್ಲಾರೂ ಹೋಗ್ಲಿ."

"ಅಮ್ಮಾರು ಮುಂಜಾನಿ ಕೇಳಿದ್ರು, ಹಾಸ್ಟೆಲ್‌ಗೆ ಕಳಸ್ತೀ ಇಲ್ಲೋ ಅಂತ."

"ನೀ ಏನಂದಿ?"

"ಹೂಂ ಅಂದೆ."

"ಅಷ್ಟ ಸಾಕು. ತಲಿ ಅಲ್ಲಾಡಿಸಿದ್ದು ಕಾಣ್ತೈತಿ, ಮುಂದಿಂದು ಅವ್ವಗ ಕೇಳಂಗಿಲ್ಲ."

"ಮನ್ಯಾಗೂ ಹಂಗ ಏನ್ರಿ?"

"ಮನ್ಯಾಗೂ ಹಂಗ. ಎಲ್ಲಾರೂ ಹೂಂ ಅಂತೀವಿ, ನಮ್ಮ ಕೆಲಸ ನಾವ್ ಮಾಡ್ತೀವಿ. ಒದರಿ ಹೇಳಿದ್ರ, ನನಗೇನ್ ಕಿವುಡಿ ಅಂದಿ ಏನು ಅಂತ ಮ್ಯಾಲ ಬೀಳ್ತಾಳ. ಭಾಳ ವರ್ಷ ಆತು ಬಿಡು, ಹೂಂ ಅನ್ನೋದ ರೂಢಿ ಆಗೇತಿ. ಹೋಳಿಗಿ ಇನ್ನೊಂದ್ ಹಾಕಿಲ್ಲಿ."

ಅಂಗೈ ಅಗಲದ ಅಕ್ಷರಗಳು. ನನ್ನ ದುಡ್ಡಿನಿಂದ ಕಟ್ಟಿಸಿದ ಗೋಡೆಯ ಮೇಲೆ, ನನ್ನ ಹೆಸರಿರುವ ಮಂಟಪದಲ್ಲಿ. ಅದು ನಾಟಕದ ಮಾತಿರಬೇಕು ಎಂದು ಒಂದು ಗಳಿಗೆ ಅನ್ನಿಸಿತು. ಹೋಳಿಗೆಯ ಮಾತು ಬಂದಾಗ ನನ್ನ ಮಗನೇ ಎಂದು ಗೊತ್ತಾಯಿತು.

ಮಗ್ಗುಲಿಗೆ ನೋಡಿದೆ. ತುಳಸಿಯೂ ಓದಿದ್ದಳು. ಚೀಲದಿಂದ ಒಂದು ಚೀಟಿ ತೆಗೆದು ಏನೋ ಬರೆದು ನನ್ನ ಕೈಗಿಟ್ಟಳು. 'ಅಮ್ಮ, ನಿಮಗೂ ಕೇಳಿಸುವುದಿಲ್ಲವೇ?' ಎಂದಿತ್ತು. ನಾನು ಅದನ್ನು ಮಡಚಿ ಅವಳಿಗೇ ವಾಪಸು ಕೊಟ್ಟೆ.

ಎದ್ದು ಮಂಟಪದ ಹಿಂದಕ್ಕೆ ಹೋದೆ. ಆ ಕಡೆಗೆ ನಾನು ಹೋಗಿ ಎಷ್ಟು ವರ್ಷವಾಯಿತೋ. ಹೋಗುವ ಅಗತ್ಯ ಎಲ್ಲಿತ್ತು, ಕೇಳಿದಾಗಲೆಲ್ಲ ಹೂಂ ಎನ್ನುತ್ತಿದ್ದರಲ್ಲ. ಕಾಲುವೆಯ ದಂಡೆಯಲ್ಲಿ ಅನ್ನ ಒಣಗಿ ಗಾರೆಯಂತೆ ಗಟ್ಟಿಯಾಗಿದೆ. ಅದರ ಮೇಲೆ ಹೊಸ ಅನ್ನ. ಮಧ್ಯೆ ಬಾಟಲಿಗಳು, ಥರ್ಮೋಕೋಲ್ ಲೋಟಗಳು, ಬಾಡಿದ ಹಾರಗಳು. ಆ ನೀರು ಕೆಳಗಿನ ಭತ್ತದ ಗದ್ದೆಗಳಿಗೆ ಹೋಗುತ್ತದೆ. ಭತ್ತ ಕುಟ್ಟಿ ಬದುಕಿದ ಮನೆತನ ನಮ್ಮದು. ನಿಮ್ಮ ಅಜ್ಜ ಗಂಗಾಳ ತೊಳೆದು ಕುಡಿದ ನೀರು ನೆನಪಾಗಿ ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ.

ಯಾರಿಗೂ ಹೇಳದೆ ಕಂಪ್ಲಿಯ ಬಸ್ಸು ಹತ್ತಿದೆ. ನಿನ್ನ ಸಭೆಯನ್ನು ನಡುವೆ ಬಿಟ್ಟು ಬಂದದ್ದು ಸರಿಯಲ್ಲ. ಅದೊಂದು ನನ್ನ ಲೆಕ್ಕಕ್ಕೆ ಇರಲಿ.

ಕಿವಿಯ ಮಾತು ಬಿಡು. ಅದು ವಿಷಯವಲ್ಲ. ನನ್ನ ಮಾತಿನ ಪ್ರಕಾರ ಒಂದು ಮನೆ, ಒಂದು ಮಿಲ್ಲು, ಒಂದು ಮಂಟಪ ನಡೆಯುತ್ತಿದೆ ಎಂದು ತಿಳಿದಿದ್ದೆ. ಯಾವುದೂ ನಡೆಯುತ್ತಿರಲಿಲ್ಲ. ಎಲ್ಲರೂ ಹೂಂ ಅಂದರು, ಅಷ್ಟೇ.

ಚೆನ್ನಬಸಮ್ಮ


ಸಂಡೂರು
13 ಜನವರಿ 2025

ಅವ್ವಾ,

ಬೇಕೆಂದು ಮಾಡಲಿಲ್ಲ. ನಿನ್ನ ಕುರ್ಚಿಯನ್ನು ಪರದೆಯ ಮುಂದೆ ಹಾಕಿದ್ದು ಮಾತ್ರ ಬೇಕೆಂದೇ. ಯಾಕೆಂದು ಹೇಳುತ್ತೇನೆ.

ಮುಂಜಾನೆ ದೋಣಿಮಲೆ ಕಡೆಯ ನರ್ಸ್ ಒಂದು ಮಾತು ಹೇಳಿದಳು, ನೆನಪಿದೆಯಾ? ಗಣಿಯ ಸದ್ದಿಗೆ ಕಿವಿ ಕೆಡದಿರಲಿ ಎಂದು ಕಿವಿಗೆ ಇಟ್ಟುಕೊಳ್ಳುವ ಬಿರಡೆ ಕೊಟ್ಟರೆ, ಫೋರ್‌ಮನ್ ಅದನ್ನು ಕೆಲಸದಲ್ಲಿ ಹಾಕಲೇ ಇಲ್ಲವಂತೆ. ಯಾಕಂದರೆ, "ಮನ್ಯಾಗ ಹೇಣ್ತಿ ಬೈಯುವಾಗ ಬೇಕಾಗ್ತಾವ್ರಿ" ಅಂದನಂತೆ. ಸಭೆಯೆಲ್ಲ ನಕ್ಕಿತು. ನೀನೂ ನಕ್ಕೆ. ಎಲ್ಲರ ಜೊತೆ, ಅದೇ ಹೊತ್ತಿಗೆ. ಬಹಳ ವರ್ಷಗಳಿಂದ ನೀನು ನಗುವುದು ಬೇರೆಯವರ ಮುಖ ನೋಡಿದ ಮೇಲೆ, ಸ್ವಲ್ಪ ತಡವಾಗಿ. ನಾನು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದೆ. ನನ್ನ ಸಮ್ಮೇಳನ ಅಲ್ಲಿಗೇ ಗೆದ್ದಿತು ಅಂದುಕೊಂಡೆ. ಅದಾಗಿ ಎರಡು ತಾಸಿನೊಳಗೆ ಇದು.

ಅಣ್ಣನನ್ನು ಕೂರಿಸಿಕೊಂಡು ಕೇಳಿದೆ. ಕಾಲುವೆಗೆ ಹಾಕಿದ್ದನ್ನು ಒಪ್ಪಿಕೊಂಡು ತಲೆ ತಗ್ಗಿಸಿದ. ಆದರೆ ಇನ್ನೊಂದು ಮಾತೂ ಹೇಳಿದ, ಅದನ್ನು ಮುಚ್ಚಿಟ್ಟರೆ ನಾನೂ ಅವರಂತೆಯೇ ಆಗುತ್ತೇನೆ. ಹೊರಗಿನ ಅಡುಗೆ ಮಕ್ಕಳಿಗೆ ಕೊಡಬಾರದು ಎಂದು ಹಾಸ್ಟೆಲ್ಲಿನವರಿಗೆ ಮೇಲಿನಿಂದ ಆದೇಶ ಬಂದು ವರ್ಷಗಳಾದವಂತೆ. ವಾರ್ಡನ್ ದ್ಯಾಮಕ್ಕ ಕಂಪ್ಲಿಗೆ ಬಂದು, ಮಿಲ್ಲಿನ ಅಂಗಳದಲ್ಲಿ ನಿಂತು ನಿನಗೇ ಹೇಳಿದರಂತೆ. ಮಿಲ್ಲು ನಡೆಯುತ್ತಿತ್ತು. ನೀನು ಅವರ ಮಾತು ಮುಗಿಯುವವರೆಗೆ ತಲೆಯಾಡಿಸಿ, ಹೂಂ ಅಂದು, ಕುಂಕುಮ ಕೊಟ್ಟು ಕಳಿಸಿದೆಯಂತೆ. ಮುಂದಿನ ಮದುವೆಯಲ್ಲಿ ಮತ್ತೆ, ಹಾಸ್ಟೆಲ್‌ಗೆ ಕಳಿಸಿ ಅಂದೆಯಂತೆ. ಅಣ್ಣ ಹೇಳಲು ನೋಡಿದ. ನೀನು ಏನಂದೆ ಎಂದು ನಿನಗೇ ಗೊತ್ತು.

ಅವ್ವಾ, ಅಕ್ಕಿ ಮಿಲ್ಲಿನ ಪಕ್ಕದಲ್ಲಿ ನಲವತ್ತು ವರ್ಷ ಬಾಳಿದವಳು ನೀನು. ಗಣಿಯಲ್ಲಿ ಕಲ್ಲು ಪುಡಿ ಮಾಡುವ ಯಂತ್ರದ ಹತ್ತಿರ ನಿಂತವರ ಕಿವಿಯನ್ನು ನಾನು ದಿನವೂ ಪರೀಕ್ಷೆ ಮಾಡುತ್ತೇನೆ. ಅದರಲ್ಲಿ ಅವಮಾನ ಏನಿದೆ? ಒಂದು ದಿನ ಸಂಡೂರಿಗೆ ಬಾ.

ನಾನೂ ನಿನಗೆ ಹೂಂ ಅಂದಿದ್ದೇನೆ. ಒಂದು ಸಲ ಅಲ್ಲ.

ನಿನ್ನ,
ಗಂಗಾ


ಸಂಡೂರು
21 ಫೆಬ್ರುವರಿ 2025

ಅವ್ವಾ,

ಒಂದು ತಿಂಗಳು ದಾಟಿತು, ನಿನ್ನಿಂದ ಒಂದು ಸಾಲೂ ಇಲ್ಲ. ನೀನು ಮಂಟಪಕ್ಕೆ ಕಾಲಿಟ್ಟಿಲ್ಲವಂತೆ. ಬೀಗದ ಕೈ ಗೊಂಚಲನ್ನು ಸೊಂಟದಿಂದ ತೆಗೆದು ದೇವರ ಜಗಲಿಯ ಮೇಲೆ ಇಟ್ಟಿದ್ದೀಯಂತೆ. ಮುಟ್ಟುವ ಧೈರ್ಯ ಯಾರಿಗೂ ಇಲ್ಲ. ನೀನು ಇದು ಮಾಡಿ ಅದು ಮಾಡಿ ಅನ್ನುವುದಿಲ್ಲ, ಬೈಯುವುದೂ ಇಲ್ಲ. ಮಾತಾಡುವವರ ಬಾಯನ್ನು ಸುಮ್ಮನೆ ನೋಡುತ್ತ ಕೂತಿರುತ್ತೀಯಂತೆ. ಅಣ್ಣ ಫೋನಿನಲ್ಲಿ, "ಅವ್ವ ಎರಡು ಬೈದಿದ್ರ ನಾ ಊಟ ಮಾಡ್ತಿದ್ದೆ ಗಂಗಾ" ಎಂದು ಅತ್ತ. ಸುಂಕಪ್ಪ ಬಂದು ಹೊರಗಿನ ಕಟ್ಟೆಯ ಮೇಲೆ ಕೂತು ಕೂತು ಎದ್ದು ಹೋಗುತ್ತಾನಂತೆ.

ಮಾರ್ಚಿನಲ್ಲಿ ಮಂಟಪದಲ್ಲಿ ದೊಡ್ಡ ಮದುವೆ ಇದೆ. ನೀನು ಇನ್ನು ಬರುವುದಿಲ್ಲವಾದರೆ ಮಂಟಪ ಮುಚ್ಚಿಬಿಡೋಣ ಅನ್ನುತ್ತಾನೆ ಅಣ್ಣ. ನಿನ್ನ ಮನಸ್ಸಿನಲ್ಲಿ ಏನಿದೆ, ಹೇಳು.

ನನ್ನ ಮೇಲಿನ ಸಿಟ್ಟಾದರೆ ಅದನ್ನಾದರೂ ಬರೆ.

ಗಂಗಾ


ಕಂಪ್ಲಿ
24 ಮಾರ್ಚ್ 2025

ಗಂಗಾ,

ಸಿಟ್ಟಲ್ಲ. ದಿಗಿಲು. ನಲವತ್ತು ವರ್ಷ ಯಜಮಾನಿಕೆ ಮಾಡಿದವಳು ಯಾವ ಮಾತನ್ನು ನಂಬಬೇಕು ಎಂದು ತಿಳಿಯದೆ ಕೂತಿದ್ದೆ. ನಡುಮನೆಯಲ್ಲಿ ಒಂದು ಸೋಫಾ ಇದೆಯಲ್ಲ, ನಾನು ಬೇಡವೆಂದರೂ ಬಂದದ್ದು. ಅದು ಹೇಗೆ ಬಂತು ಎಂದು ನಿಮ್ಮ ಅತ್ತಿಗೆಯನ್ನು ಕೇಳಿ, ಬಳಪ ಕೊಟ್ಟು ಪಾಟಿಯ ಮೇಲೆ ಬರೆಸಿದೆ. 'ನೀವೇ ಹೂಂ ಅಂದಿರಿ' ಎಂದು ಬರೆದಳು. ಅಂದಿರಬೇಕು. ಇನ್ನೂ ಯಾವುದಕ್ಕೆ ಹೂಂ ಅಂದಿದ್ದೇನೋ ಎಂದು ಮನೆಯ ಒಂದೊಂದು ಸಾಮಾನನ್ನೂ ಅನುಮಾನದಿಂದ ನೋಡುತ್ತಿದ್ದೆ.

ಮಾರ್ಚ್ ಬಂದ ಮೇಲೆ ಒಂದು ಮುಂಜಾನೆ ಪಾಟಿ ಹಿಡಿದುಕೊಂಡು ಹಾಸ್ಟೆಲ್ಲಿಗೆ ಹೋದೆ. ದ್ಯಾಮಕ್ಕ ನಿನ್ನ ಪತ್ರದಲ್ಲಿದ್ದದ್ದನ್ನೇ ಬರೆದರು. ಆ ದಿನ ನನ್ನ ಸೀರೆಯ ಬಣ್ಣ ಯಾವುದು ಎಂಬುದೂ ಅವರಿಗೆ ನೆನಪಿದೆ. ನನಗೆ ಅವರು ಬಂದದ್ದಷ್ಟೇ ನೆನಪು.

ಅಲ್ಲಿಂದ ಮಂಟಪಕ್ಕೆ ಹೋಗಿ ಜಂಬುನಾಥನನ್ನೂ ಸುಂಕಪ್ಪನನ್ನೂ ಕಾಲುವೆಗೆ ಇಳಿಸಿದೆ. ಜಂಬುನಾಥ ಪ್ಯಾಂಟು ಮಡಚಿಕೊಳ್ಳುತ್ತ, "ಆಳುಗಳನ್ನ ಕರಸ್ತೀನಿ ಅವ್ವ" ಎಂದದ್ದು ಅವನ ತುಟಿಯಲ್ಲೇ ಗೊತ್ತಾಯಿತು. ಬೇಡ ಎಂದೆ. ಸುಂಕಪ್ಪ, "ಯಜಮಾನ್ರ, ಅಮ್ಮಾರು ನಿಮ್ಮನ್ನೂ ಇಳಿಸಿದ್ರಲ್ಲ, ನನಗ ಸ್ವರ್ಗ ಕಂಡಂಗಾತು" ಅಂದನಂತೆ. ದಂಡೆಯ ಮೇಲಿದ್ದ ಹೆಂಗಸರು ನಕ್ಕರು. ಏನಂದ ಎಂದು ಪಾಟಿ ಮುಂದೆ ಹಿಡಿದೆ. ಪೂರ್ತಿ ಬರೆಯುವವರೆಗೆ ಬಿಡಲಿಲ್ಲ. ಓದಿ ನಾನೂ ನಕ್ಕೆ. ತಡವಾಗಿ ನಕ್ಕೆ, ಆದರೆ ಗೊತ್ತಿದ್ದು ನಕ್ಕೆ.

ಗೋಡೆಯ ಮೇಲಿನ 'ಇಲ್ಲಿ ಅನ್ನ ಚೆಲ್ಲುವುದಿಲ್ಲ' ಎಂಬುದಕ್ಕೆ ಸುಣ್ಣ ಹೊಡೆಸಿದೆ. ನಿಜವಾದ ದಿನ ಮತ್ತೆ ಬರೆಸುತ್ತೇನೆ.

ಮದುವೆಯ ಎರಡೂ ಕಡೆಯವರನ್ನು ಕೂರಿಸಿ, ಎಷ್ಟು ಜನ, ಎಷ್ಟು ರೊಟ್ಟಿ, ಎಷ್ಟು ಅನ್ನ ಎಂದು ಕೇಳಿದೆ. ಗಂಡಿನ ಸೋದರಮಾವ ಬಾಯಿ ತೆರೆದುಕೊಂಡು ನೋಡಿದ. ಅತಿಥಿಯನ್ನು ಹಾಗೆ ಕೇಳಿದವರು ನಮ್ಮ ಮನೆತನದಲ್ಲಿ ಈಗ ಇಬ್ಬರಾದೆವು. ಆದರೂ ಉಳಿಯಿತು. ಉಳಿದದ್ದನ್ನು ಮಲಪನಗುಡಿಯ ರೈತರೊಬ್ಬರು ದನಗಳಿಗೂ ಗೊಬ್ಬರದ ಗುಂಡಿಗೂ ಒಯ್ದರು. ಒಯ್ದರು ಎಂದು ಯಾರೂ ನನಗೆ ಹೇಳಲಿಲ್ಲ, ಗಾಡಿಯ ಹಿಂದೆ ನಾನೇ ಹೋಗಿ ನೋಡಿ ಬಂದೆ.

ಆ ಹುಡುಗಿ ಕಾವ್ಯಳನ್ನೂ ಕರೆಸಿದ್ದೆ. ಬರಲು ಹೆದರಿದಳಂತೆ. ಕೆಲಸ ಕಳೆದುಕೊಂಡೆ ಎಂದುಕೊಂಡಿದ್ದಳು. "ನಿನ್ನ ಕಿವಿಗೆ ಬಿದ್ದದ್ದನ್ನು ನನಗೆ ಹಾಗೇ ತಲುಪಿಸಿದವಳು ಈ ಊರಲ್ಲಿ ನೀನೊಬ್ಬಳೇ" ಎಂದು ಹೇಳಿ ಮಡಿಲು ತುಂಬಿದೆ. ಮದುವೆಗೆ ಪರದೆ ಹಾಕಿಸಿದೆ. ಗಂಡಿನ ಕಡೆಯವರು ಮೂಗು ಮುರಿದರು. ಹಾರ ಬದಲಿಸುವಾಗ ಮೈಕಿನ ಪಕ್ಕ ನಿಂತಿದ್ದ ಆ ಸೋದರಮಾವ, "ಒಂದ ಸಿಹಿ ಅಂತಲೇ, ಎಂಥಾ ಜಿಪುಣಿ ಮುದುಕಿ" ಎಂದದ್ದು ಅಕ್ಷತೆಯ ಜೊತೆಗೇ ಪರದೆಯ ಮೇಲೆ ಬಂತು. ಊಟಕ್ಕೆ ಕೂತಾಗ ಅವನ ಎಲೆಗೆ ನಾನೇ ನಿಂತು ಹೋಳಿಗೆ ಬಡಿಸಿದೆ. ಅವನು ತಲೆ ಎತ್ತಲಿಲ್ಲ.

ಈಗ ನಿನಗೆ ಹೇಳಬೇಕಾದ್ದು. ವೇದಿಕೆಯಲ್ಲಿ ಹಿರಿಯರು ಒಬ್ಬೊಬ್ಬರಾಗಿ ಹರಸುತ್ತಿದ್ದರು. ನಾನು ಮೆಟ್ಟಿಲ ಮೇಲೆ ನಿಂತು ಸಭೆಯನ್ನು ನೋಡುತ್ತಿದ್ದೆ. ಪರದೆ ಕಾಣದ ಮೂಲೆಯಲ್ಲಿ, ಕಂಬದ ಪಕ್ಕ, ಹೆಣ್ಣಿನ ಅಜ್ಜ ಜಡೆಪ್ಪ ಕೂತಿದ್ದರು. ಮೊಮ್ಮಗಳ ಬಗ್ಗೆ ಯಾರೋ ಒಳ್ಳೆಯ ಮಾತಾಡಿದ್ದು ಪರದೆಯ ಮೇಲೆ ಬಂತು. ಜಡೆಪ್ಪ ತಲೆಯಾಡಿಸಿದರು. ಪಕ್ಕದವರು ನಕ್ಕರು. ಒಂದು ಗಳಿಗೆ ಬಿಟ್ಟು ಜಡೆಪ್ಪ ನಕ್ಕರು. ಪಕ್ಕದವರು ಕಣ್ಣು ಒರೆಸಿಕೊಂಡರು. ಒಂದು ಗಳಿಗೆ ಬಿಟ್ಟು ಇವರೂ ಮುಖ ಗಂಭೀರ ಮಾಡಿಕೊಂಡರು.

ಗಂಗಾ, ಆ ತಲೆಯಾಡಿಸುವುದು ನನಗೆ ಗೊತ್ತು. ಅದನ್ನು ನಾನು ಎಂದೂ ಹೊರಗಿನಿಂದ ನೋಡಿರಲಿಲ್ಲ. ಸಭೆಯನ್ನು ಇನ್ನೊಮ್ಮೆ ನೋಡಿದೆ. ಅಲ್ಲೊಬ್ಬರು, ಇಲ್ಲೊಬ್ಬರು, ಬಾಗಿಲ ಬಳಿ ಇಬ್ಬರು ಮುದುಕಿಯರು, ಎಲ್ಲರೂ ಹಾಗೆಯೇ ಹೂಂ ಹೂಂ ಎನ್ನುತ್ತಿದ್ದಾರೆ. ಇಷ್ಟು ವರ್ಷ ನನ್ನ ಮಂಟಪದಲ್ಲಿ ಇಷ್ಟು ಜನ ಮದುವೆಗೆ ಬಂದು, ಮದುವೆಯ ಹೊರಗೇ ಕೂತು, ಉಂಡು ಹೋಗಿದ್ದಾರೆ. ಬಂದವರನ್ನೆಲ್ಲ ಚೆನ್ನಾಗಿ ನೋಡಿಕೊಂಡೆ ಎಂದು ನಾನು ಬೀಗಿದ್ದೆ.

ಇಳಿದುಹೋಗಿ ಜಡೆಪ್ಪನವರ ಕೈ ಹಿಡಿದೆ. "ಅಲ್ಲಿ ಬ್ಯಾಡ್ರಿ, ಮುಂದ ಬಂದು ಕುಂದ್ರಿ" ಎಂದೆ. ಅವರು ಹೂಂ ಎಂದರು, ಏಳಲಿಲ್ಲ. ಪಾಟಿಯ ಮೇಲೆ ಬರೆದು ತೋರಿಸಿದೆ. ನನ್ನ ಮುಖ ನೋಡಿದರು, ಆಮೇಲೆ ಎದ್ದರು. ನನ್ನ ಕುರ್ಚಿಯ ಪಕ್ಕ, ಪರದೆಯ ನೇರಕ್ಕೆ ಕೂರಿಸಿದೆ. ಹೆಣ್ಣು ಮೈಕು ಹಿಡಿದು ಅಜ್ಜನ ಹೆಸರು ಹೇಳಿದ್ದನ್ನು ಅವರು ಓದಿದರು. ಈ ಸಲ ಯಾರ ಮುಖವನ್ನೂ ನೋಡಲಿಲ್ಲ. ಎಲ್ಲರಿಗಿಂತ ಮೊದಲು ಅವರೇ ಅತ್ತರು.

ಬೀಗದ ಕೈ ಗೊಂಚಲು ಮತ್ತೆ ನನ್ನ ಸೊಂಟದಲ್ಲಿದೆ. ಮನೆಯಲ್ಲಿ ಇನ್ನು ಯಾರೂ ನನಗೆ ಹೂಂ ಅನ್ನಬಾರದು, ಮಾಡುತ್ತೇನೆ ಅಥವಾ ಮಾಡುವುದಿಲ್ಲ ಎಂದು ಪಾಟಿಯ ಮೇಲೆ ಬರೆಯಬೇಕು ಎಂದು ಹೇಳಿದ್ದೇನೆ. ನಾನೂ ಯಾರಿಗೂ ಹೂಂ ಅನ್ನುವುದಿಲ್ಲ.

ಯುಗಾದಿ ಮುಗಿದ ಮರುವಾರ ಸಂಡೂರಿಗೆ ಬರುತ್ತೇನೆ. ಬಸ್ಸಿನಲ್ಲೇ ಬರುತ್ತೇನೆ, ಕಾರು ಕಳಿಸಬೇಡ. ಆ ತುಳಸಿ ಎಂಬ ಹುಡುಗಿಯ ವಿಳಾಸ ತೆಗೆದಿಡು. ಅವಳ ಚೀಟಿಗೆ ನಾನು ಉತ್ತರ ಕೊಡಲಿಲ್ಲ.

ಯಾವ ಬಸ್ಸು ಎಂದು ಮುಂಚೆಯೇ ಬರೆದು ತಿಳಿಸುತ್ತೇನೆ. ಫೋನು ಮಾಡಬೇಡ. ನನಗೆ ಕೇಳಿಸುವುದಿಲ್ಲ.

ನಿನ್ನ ಅವ್ವ,
ಚೆನ್ನಬಸಮ್ಮ